ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ

ಒತೀಲಿಯಾ ಅಮೆರಿಕಕ್ಕೆ ವಾಪಸ್ ಹೊರಟಿದ್ದಾಳೆಂಬ ಸುದ್ದಿ ಕಿವಿಗೆ ಬಿದ್ದ ಬೆಳಿಗ್ಗೆ ಜುಲ್ಮಿರಾ ಜೋಳ-ಕಾಳು ಬೇಯಿಸಿ ಮಾಡಿದ್ದ, ಹಿಂದಿನ ದಿನ ಉಳಿದ ಕಚೂಪವನ್ನು ಈರುಳ್ಳಿ ಹಾಕಿ ಹುರಿಯುತ್ತಿದ್ದಳು. ಕೇಳಿದ್ದೇ ತಡ, ತಲೆಗೊಂದರಂತೆ ತೆಗೆದಿಟ್ಟಿದ್ದ ಮೊಟ್ಟೆಗಳ ಜೊತೆಗೆ ಇನ್ನೆರಡನ್ನು ಒಡೆದು ಬಾಣಲೆಗೆ ಬಿಟ್ಟಳು.

"ಏನಿವತ್ತು, ಹಬ್ಬವಾ?" ಎಂದ ಗಂಡ ಲೊರೆನ್ಸು.

"ತಿನ್ನು ಸುಮ್ನೆ. ಕೊಡದಿದ್ದಾಗ ಕೇಳು, ಕೊಟ್ಟಾಗ ಕೇಳ್ಬೇಡ."

ಒತೀಲಿಯಾ ಲೊರೆನ್ಸುವಿನ ತಂಗಿ. ಹುಡುಗಿಯಾಗಿದ್ದಾಗಲೇ ಹುಟ್ಟಿದ ಈ ಬ್ರಾವಾ ದ್ವೀಪ ಬಿಟ್ಟು ಅಮೆರಿಕದ ಪಾಟಕೆಟ್ ಊರು ಸೇರಿದವಳು. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ಕೆಲಸ ಹಿಡಿದು, ಗ್ರೀನ್ ಕಾರ್ಡ್ ಮಾಡಿಸಿಕೊಂಡು, ಗಂಡನನ್ನು ಕಟ್ಟಿಕೊಂಡು, ಆಮೇಲೆ ಅವನನ್ನು ಬಿಟ್ಟು, ಒಬ್ಬಳೇ ಮಗಳನ್ನು ಬೆಳೆಸಿದ್ದಳು. ಏಳು ವರ್ಷದ ಹಿಂದೆ ಊರವರು ಗೌರವದಿಂದ 'ನ್ಯಾ' ಸೇರಿಸಿ ಕರೆಯುತ್ತಿದ್ದ ತಾಯಿ ನ್ಯಾ ತೆಯೊದೋರಾಗೆ ಪಾರ್ಶ್ವವಾಯು ಹೊಡೆದಾಗ, ಮೂರು ತಿಂಗಳ ಮಟ್ಟಿಗೆಂದು ಎರಡು ಸೂಟ್‌ಕೇಸ್ ಹಿಡಿದು ಹಡಗಿನಿಂದ ಇಳಿದಳು. ಮುದುಕಿ ಆ ಮೂರು ತಿಂಗಳಲ್ಲಿ ಏಳಲೂ ಇಲ್ಲ, ಹೋಗಲೂ ಇಲ್ಲ. ಮಗಳು ಸೂಟ್‌ಕೇಸ್ ಮುಟ್ಟಿದಾಗಲೆಲ್ಲ ಇಡೀ ನೋವಾ ಸಿಂತ್ರಾ ಊರಿಗೇ ಕೇಳುವಂತೆ ಅರಚುತ್ತಿದ್ದಳು. ಹೀಗೆ ಆರು ವರ್ಷ ಹಾಸಿಗೆಯಲ್ಲೇ ಕಳೆದು, ಹೋದ ಸೆಪ್ಟೆಂಬರಿನಲ್ಲಿ ನಿದ್ದೆಯಲ್ಲೇ ತೀರಿಕೊಂಡಳು. ಅಷ್ಟರಲ್ಲಿ ಒತೀಲಿಯಾಳ ಕಾರ್ಡಿನ ಅವಧಿ ಯಾವಾಗಲೋ ಮುಗಿದುಹೋಗಿತ್ತು. ಅಮ್ಮ ಸತ್ತ ಮೇಲೆ ಏನು ಮಾಡಬೇಕೆಂದು ತೋಚದೆ ಮಹಡಿಯ ಕೋಣೆಯಲ್ಲೇ ಉಳಿದುಬಿಟ್ಟಿದ್ದಳು.

ಈಗ ಅವಳ ಮಗಳು ಇವೋನ್‌ಗೆ ಡಿಸೆಂಬರಿನಲ್ಲಿ ಹೆರಿಗೆ. ಡಾಕ್ಟರು ಮಲಗಿರಬೇಕು ಎಂದಿದ್ದರಂತೆ. ಗಂಡ ಲಾರಿ ಓಡಿಸುವವನು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. "ಅಮ್ಮಾ, ಬಾ," ಎಂದು ಫೋನಿನಲ್ಲಿ ಅತ್ತಿದ್ದಳು. ಹೊಸದಾಗಿ ಅರ್ಜಿ ಹಾಕಿದರೆ ಒಂದೂವರೆ ವರ್ಷ ಹಿಡಿಯುತ್ತದೆ. ಹಳೆಯ ಕಾರ್ಡನ್ನೇ ಮರಳಿ ಪಡೆಯುವ ದಾರಿ ಒಂದಿದೆ, ಅದಾದರೆ ಹೆರಿಗೆಯೊಳಗೆ ಬರಬಹುದು ಎಂದು ಅಲ್ಲಿನ ವಕೀಲರು ಹೇಳಿದ್ದರು.

ಜುಲ್ಮಿರಾಳಿಗೆ ಆ ದಾರಿ ಯಾವುದಾದರೂ ಸರಿ, ನಾದಿನಿ ಹಡಗು ಹತ್ತಿದರೆ ಸಾಕಿತ್ತು. ಬಂದ ಮೊದಲ ವಾರದಲ್ಲೇ ಉಗ್ರಾಣದ ಬೀಗದ ಕೈ ಅತ್ತೆಯ ದಿಂಬಿನಡಿಯಿಂದ ಒತೀಲಿಯಾಳ ಸೊಂಟಕ್ಕೆ ಹೋಗಿತ್ತು. ಅಮೆರಿಕದಿಂದ ಇವೋನ್ ಮನೆಸಾಮಾನು ತುಂಬಿ ಕಳಿಸುವ ಪೀಪಾಯಿಯನ್ನು ಒಡೆಯುವವಳು ಒತೀಲಿಯಾ. ಸೋಪು ಇಷ್ಟು, ಎಣ್ಣೆ ಇಷ್ಟು ಎಂದು ಹಂಚುವವಳೂ ಒತೀಲಿಯಾ. ರೋಗಿಯ ಆರೈಕೆಯಲ್ಲಿ ಚಮಚ ಮಗಳ ಕೈಗೆ ಬಂದಿತ್ತು, ಬಕೆಟ್ಟು ಸೊಸೆಯ ಕೈಗೆ. ನೋಡಲು ಬಂದವರ ಕಣ್ಣಿಗೆ ಬಿದ್ದದ್ದು ಚಮಚ. "ಎಂಥಾ ಮಗಳು! ಅಮೆರಿಕಾನೇ ಬಿಟ್ಟು ಬಂದ್ಳಲ್ಲ," ಎಂದು ಊರು ಹೊಗಳಿತು. ಸೊಸೆ ಎಲ್ಲಿಗೂ ಹೋಗಿರಲಿಲ್ಲವಾದ್ದರಿಂದ ಅವಳು ಬಿಟ್ಟು ಬಂದದ್ದೇನೂ ಇರಲಿಲ್ಲ.

ಮುಂದಿನ ಮಂಗಳವಾರ ಕ್ವಿರಿನು ಮೇಷ್ಟ್ರು ಬಂದರು. ಶಾಲೆಯಿಂದ ನಿವೃತ್ತರಾದ ಮೇಲೆ ಊರಿನವರ ವಲಸೆಯ ಕಾಗದಪತ್ರ ಬರೆಯುವುದೇ ಅವರ ಕಸುಬು. ಮೇಕೆ ಹಾಲಿನ ಚೀಸಿನ ತುಂಡಿನ ಮೇಲೆ ಪಪಾಯಿ ಮುರಬ್ಬ ಹಚ್ಚಿಕೊಳ್ಳುತ್ತ ಶುರು ಮಾಡಿದರು.

"ರಾಯಭಾರ ಕಚೇರಿಯವರು ಕೇಳೋದು ಒಂದೇ ಮಾತು. ವರ್ಷದೊಳಗೆ ವಾಪಸ್ ಬರ್ಬೇಕಾಗಿತ್ತು, ಯಾಕೆ ಬರ್ಲಿಲ್ಲ? ಬರೋ ಮನಸ್ಸಿತ್ತು, ಬರೋದು ಮಾತ್ರ ನನ್ನ ಕೈಲಿರ್ಲಿಲ್ಲ ಅಂತ ತೋರಿಸ್ಬೇಕು. ಇಲ್ದಿದ್ರೆ ನೀನಾಗಿಯೇ ಬಿಟ್ಟುಕೊಟ್ಟೆ ಅಂತ ಲೆಕ್ಕ."

"ಅಮ್ಮ ಹಾಸಿಗೆ ಹಿಡಿದಿದ್ಳು," ಎಂದಳು ಒತೀಲಿಯಾ. "ಆಸ್ಪತ್ರೆ ಚೀಟಿ ಎಲ್ಲಾ ಇದೆ."

"ಅದು ಸಾಲದು. ಹಾಸಿಗೆ ಹಿಡಿದ ತಾಯಿಗೆ ಬೇರೆ ದಿಕ್ಕಿರ್ಲಿಲ್ಲ ಅಂತ ಇರ್ಬೇಕು. ಅದನ್ನ ಮನೆಯವರೇ ನೋಟರಿ ಮುಂದೆ ಬರ್ದು ಸಹಿ ಹಾಕ್ಬೇಕು."

ಕಾಫಿ ಬಗ್ಗಿಸುತ್ತಿದ್ದ ಜುಲ್ಮಿರಾಳ ಕೈ ನಿಂತಿತು. "ಬೇರೆ ದಿಕ್ಕು ಅಂದ್ರೆ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಈಗ ನೋಡಿ, ಲೊರೆನ್ಸು ಗಾರೆ ಕೆಲಸಕ್ಕೆ ಹೋಗೋ ಗಂಡಸು. ಸರಿ. ನಿಮ್ಮ ಮಗಳು ನೆಲಿದಾ ಆಗ ಶಾಲೆ ಹುಡುಗಿ. ಅದೂ ಸರಿ. ಉಳಿದವರು ನೀವು, ನ್ಯಾ ಜುಲ್ಮಿರಾ. ನಿಮಗೆ ಕಾಯಿಲೆ ಇತ್ತು ಅಂತ ಬರೆಯೋಣ."

"ನನಗೆ? ಯಾವ ಕಾಯಿಲೆ?"

"ಸೊಂಟ ಅಂತ ಬರೆದ್ರೆ ಯಾರೂ ಪರೀಕ್ಷೆ ಮಾಡಲ್ಲ. ಹಾಸಿಗೆ ಬಿಟ್ಟು ಏಳೋಕಾಗ್ತಿರ್ಲಿಲ್ಲ ಅಂತ."

ಜುಲ್ಮಿರಾ ಕೆಟಲ್ ಕೆಳಗಿಟ್ಟಳು. ಮೂಲೆಯಲ್ಲಿದ್ದ ತುಂಬಿದ ಗ್ಯಾಸ್ ಸಿಲಿಂಡರನ್ನು ತಬ್ಬಿ ಎತ್ತಿ ತಂದು ಮೇಷ್ಟ್ರ ಕಾಲಿನ ಪಕ್ಕಕ್ಕೆ ದೊಪ್ಪನೆ ಇಳಿಸಿದಳು. ಚೀಸಿನ ತಟ್ಟೆ ಅದುರಿತು.

"ಬರ್ಕೊಳ್ಳಿ ಮೇಷ್ಟ್ರೇ. ಸೊಂಟ."

ಮೇಷ್ಟ್ರು ಕಾಫಿ ಮುಗಿಸದೆಯೇ ಟೋಪಿ ತೆಗೆದುಕೊಂಡರು.

ಮಧ್ಯಾಹ್ನ ಊಟಕ್ಕೆ ಕೂತಾಗ ಲೊರೆನ್ಸು ಮೀನಿನ ಮುಳ್ಳು ತೆಗೆಯುತ್ತ, ಹೆಂಡತಿಯ ಮುಖ ನೋಡದೆ ಹೇಳಿದ: "ಒಂದು ಸಹಿ ತಾನೇ ಜುಲ್ಮಿರಾ. ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ? ಅವಳು ಹೋಗ್ಲಿ ಅಂತ ದಿನಾ ಹಲುಬ್ತೀಯ."

"ಹೋಗ್ಲಿ. ನನ್ನನ್ನ ಮೆಟ್ಟಿಲು ಮಾಡ್ಕೊಂಡು ಯಾಕೆ ಹೋಗ್ಬೇಕು? ನಾನು ಕೈಲಾಗದೋಳು ಅಂತ ಬರ್ಕೊಡ್ಬೇಕಂತೆ! ನಿಮ್ಮಮ್ಮನ ಹೇಲು ಬಳಿದೋರು ಯಾರು, ಗವರ್ನರಾ?"

"ಊಟ ಮಾಡ್ತಿದೀವಿ, ಅಮ್ಮಾ," ಎಂದಳು ನೆಲಿದಾ.

"ನಾನೂ ಊಟ ಮಾಡ್ತಿದ್ದಾಗಲೇ ಎದ್ದು ಹೋಗಿ ಬಳಿದಿದ್ದು ಕಣೇ."

ಒತೀಲಿಯಾ ಚಮಚ ಕೆಳಗಿಟ್ಟಳು. "ಅತ್ತಿಗೆ, ಇದು ಪದಕ ಕೊಡೋ ಸಭೆ ಅಲ್ಲ. ಒಂದು ಕಾಗದ. ಅದನ್ನ ಓದೋನಿಗೆ ನೀವ್ಯಾರು ಅಂತಾನೇ ಗೊತ್ತಿಲ್ಲ."

"ಗೊತ್ತಿಲ್ಲದೋನಿಗೆ ನಿಜ ಹೇಳಿದ್ರೆ ಏನಾಗುತ್ತೆ? ಇಬ್ಬರಿದ್ವಿ, ಇಬ್ಬರೂ ಸಾಕಾಗ್ಲಿಲ್ಲ ಅಂತ ಬರಿ. ಅದಕ್ಕೆ ಈಗಲೇ ಸಹಿ ಹಾಕ್ತೀನಿ."

"ಇಬ್ಬರಿದ್ರೆ ಒಬ್ಬಳು ಹೋಗ್ಬಹುದಿತ್ತಲ್ಲ ಅಂತಾರೆ. ಅಲ್ಲಿಗೆ ಮುಗೀತು."

"ಹೋಗ್ಬಹುದಿತ್ತಲ್ಲ ಮತ್ತೆ?"

ಒತೀಲಿಯಾಳ ಕುತ್ತಿಗೆ ಕೆಂಪಾಯಿತು. "ಸರಿ. ಹಾಗಾದ್ರೆ ಇದನ್ನೂ ಕೇಳ್ಕೊಳ್ಳಿ. ಕಾರ್ಡು ಸಿಕ್ರೆ ಈ ಮನೇಲಿ ನನ್ನ ಪಾಲು ಅಣ್ಣಂಗೆ ಬರ್ಕೊಟ್ಟು ಹೋಗ್ತೀನಿ. ಸಿಗದಿದ್ರೆ ನನಗೆ ಲೋಕದಲ್ಲಿ ಇರೋದು ಇದೊಂದೇ ಸೂರು. ಅಪ್ಪ ಕಟ್ಟಿದ್ದು. ಅರ್ಧ ನಂದು. ಅಡುಗೆಮನೇಲೂ ಅರ್ಧ."

ಅದು ಬರೀ ಬಾಯಿಮಾತಾಗಿರಲಿಲ್ಲ. ನೆಲಿದಾ ಊರಿನ ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದಳು. ಮರುದಿನ ಒತೀಲಿಯಾ ಅವಳ ಚೀಲದಿಂದ ಸೀಮೆಸುಣ್ಣ ತೆಗೆದುಕೊಂಡು ಅಡುಗೆಮನೆಯ ನೆಲದ ಮೇಲೆ ಕಿಟಕಿಯಿಂದ ಬಾಗಿಲವರೆಗೆ ಗೆರೆ ಎಳೆದಳು. ಒಲೆ ಅವಳ ಕಡೆಗೆ ಬಿತ್ತು, ನೀರಿನ ತೊಟ್ಟಿ ಜುಲ್ಮಿರಾಳ ಕಡೆಗೆ. ಸಂಜೆಯೊಳಗೆ ಜುಲ್ಮಿರಾ ಪೇಟೆಯಿಂದ ಎರಡನೆಯ ಒಲೆ ತರಿಸಿದಳು.

ಅಂದಿನಿಂದ ಆ ಮನೆಯಲ್ಲಿ ಎರಡು ಕಚೂಪ ಬೇಯತೊಡಗಿದವು. ಒತೀಲಿಯಾ ತನ್ನದಕ್ಕೆ ಪೀಪಾಯಿಯಲ್ಲಿ ಬಂದ ಮಾಂಸದ ಡಬ್ಬಿ ಒಡೆದು ಹಾಕಿದರೆ, ಜುಲ್ಮಿರಾ ಹಟಕ್ಕೆ ಬಿದ್ದು ಹಂದಿಯ ಕಾಲು ಹಾಕಿದಳು. ನೀರಿಗೆ ಒತೀಲಿಯಾ ಗೆರೆ ದಾಟಬೇಕಾಗಿತ್ತು. ದಾಟುವಾಗಲೆಲ್ಲ ಜುಲ್ಮಿರಾ, "ಪಾಸ್‌ಪೋರ್ಟ್ ಇದೆಯಾ?" ಎನ್ನುತ್ತಿದ್ದಳು. ಉಪ್ಪು, ಬೆಂಕಿಪೆಟ್ಟಿಗೆ ಬೇಕಾದರೆ ನೆಲಿದಾ ಓಡಾಡಬೇಕು. ಬಟ್ಟೆ ಒಣಹಾಕುವ ಹಗ್ಗಕ್ಕೂ ನಡುವೆ ಗಂಟು ಬಿತ್ತು. ಲೊರೆನ್ಸು ಇಬ್ಬರ ಮನಸ್ಸೂ ನೋಯದಿರಲೆಂದು ಎರಡೂ ಕಡೆ ಉಂಡು, ಸಂಜೆ ಹೊಟ್ಟೆ ಹಿಡಿದುಕೊಂಡು ಜಗಲಿಯಲ್ಲಿ ಕೂರುತ್ತಿದ್ದ.

"ನೀನು ಗಾರೆಯೋನಲ್ವಾ," ಎಂದಳು ಜುಲ್ಮಿರಾ ಒಂದು ಸಂಜೆ. "ಗೆರೆ ಮೇಲೆ ಒಂದು ಗೋಡೆ ಎಬ್ಬಿಸಿಬಿಡು. ಮುಖ ನೋಡೋದಾದ್ರೂ ತಪ್ಪುತ್ತೆ."

"ಗೋಡೆ ಎಬ್ಬಿಸಿದ್ರೆ ನಾನ್ಯಾವ ಕಡೆ ಇರ್ಲಿ?"

"ಅದನ್ನ ನಿನ್ನ ಹೊಟ್ಟೇನೇ ಕೇಳು."

ಆಗಸ್ಟ್ ಮುಗಿಯುವ ಹೊತ್ತಿಗೆ ಫೋನ್ ಬಂತು. ನೆಲಿದಾ ತಾಯಿಯ ಕೈಗೆ ಫೋನ್ ತುರುಕಿದಳು. ಪರದೆಯ ಮೇಲೆ ಇವೋನ್, ದಿಂಬುಗಳ ಮಧ್ಯೆ ಊದಿದ ಮುಖ.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದು ಲೋಟ ನೀರಿಗೂ ನಾನು ಪಕ್ಕದ ಮನೆಯವರಿಗೆ ಫೋನ್ ಮಾಡ್ಬೇಕು."

ಜುಲ್ಮಿರಾ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತಳು. "ನಿನ್ನ ಮೇಲೆ ನನಗೇನು ಸಿಟ್ಟು ಮಗಳೇ? ಕಾಲು ಎತ್ತರದಲ್ಲಿಟ್ಕೊಂಡು ಮಲಗು. ಎಡಕ್ಕೆ ಹೊರಳಿ ಮಲಗು, ಬೆನ್ನ ಮೇಲೆ ಬೇಡ."

"ಮತ್ತೆ ಯಾಕೆ ಹಟ ಮಾಡ್ತೀರಿ?"

"ನಿಮ್ಮಜ್ಜೀನ ಯಾರು ನೋಡ್ಕೊಂಡ್ರು ಅಂತ ನಿನ್ನ ಹತ್ರ ನಿಮ್ಮಮ್ಮ ಯಾವತ್ತಾದ್ರೂ ಹೇಳಿದ್ಲಾ?"

"ಅಮ್ಮ ನೋಡ್ಕೊಂಡ್ಳು ಅಂತ... ನೀವು ಸಹಾಯ ಮಾಡಿದ್ರಿ ಅಂತ."

"ಸಹಾಯ!" ಜುಲ್ಮಿರಾ ಎದ್ದು ನಿಂತಳು. "ನಿಮ್ಮಮ್ಮಂಗೆ ಹೇಳು. ಸುಳ್ಳು ಕಾಗದಕ್ಕೆ ಸಹಿ ಹಾಕ್ತೀನಿ, ಸೊಂಟ ಅಂತಾದ್ರೂ ಬರೀಲಿ, ಕುರುಡಿ ಅಂತಾದ್ರೂ ಬರೀಲಿ. ಆದ್ರೆ ನಿಮ್ಮಜ್ಜಿ ವರ್ಷದ ಪೂಜೆ ದಿನ ಊಟಕ್ಕೆ ಜನ ಬರ್ತಾರಲ್ಲ, ಅವರೆದುರಿಗೆ ಎದ್ದು ನಿಂತು ನಿಜ ಹೇಳ್ಲಿ. ಕಾಗದ ಓದೋನಿಗೆ ನಾನು ಯಾರೋ ಗೊತ್ತಿಲ್ಲ, ಸರಿ. ಈ ಊರಿಗೆ ಗೊತ್ತಿದೆ."

ಒತೀಲಿಯಾಳ ಉತ್ತರ ಅಂದೇ ಗೆರೆಯಾಚೆಯಿಂದ ಬಂತು, ಒಂದೇ ಮಾತಿನಲ್ಲಿ. "ಆಯ್ತು."

ನ್ಯಾ ತೆಯೊದೋರಾಳ ವರ್ಷದ ಪೂಜೆಯ ದಿನ ಊರ ಮೇಲೆ ಮಂಜು ಇಳಿದು ಚರ್ಚಿನ ಗೋಪುರವೇ ಕಾಣುತ್ತಿರಲಿಲ್ಲ. ಪೂಜೆ ಮುಗಿಸಿ ನಲವತ್ತು ಜನ ಮನೆಗೆ ಬಂದರು. ಅಷ್ಟು ಜನರ ಅಡುಗೆಗೆ ಎರಡೂ ಒಲೆ ಬೇಕಾಗಿದ್ದರಿಂದ ಜುಲ್ಮಿರಾ ಮುಂಜಾನೆಯೇ ಒದ್ದೆ ಬಟ್ಟೆ ಹಾಕಿ ಗೆರೆಯನ್ನು ಒರೆಸಿದ್ದಳು. ಆಡು ಕೊಯ್ದಿದ್ದರು. ಮರಗೆಣಸು, ಸಿಹಿಗೆಣಸು, ಅನ್ನ, ಎರಡು ಕೊಪ್ಪರಿಗೆ ಕಚೂಪ. ಜುಲ್ಮಿರಾ ಕರಿಯ ಬಟ್ಟೆಯ ಮೇಲೆ ಮುಂದುಡುಗೆ ಕಟ್ಟಿಕೊಂಡು ಬಡಿಸುತ್ತಿದ್ದಳು. ಎದುರುಮನೆಯ ನ್ಯಾ ಶಾಂಡಾ ಬಾಗಿಲ ಹತ್ತಿರದ ಕುರ್ಚಿ ಹಿಡಿದು ಕೂತಿದ್ದಳು. ಅಲ್ಲಿ ಕೂತರೆ ಒಳಗಿನದೂ ಹೊರಗಿನದೂ ಕೇಳಿಸುತ್ತಿತ್ತು.

ಪಾದ್ರಿಗಳು ಊಟ ಮುಗಿಸಿ ಹೊರಟ ಮೇಲೆ ಒತೀಲಿಯಾ ಎದ್ದಳು. ಲೋಟಕ್ಕೆ ಚಮಚ ತಾಗಿಸಿದಳು.

"ಎಲ್ಲರೂ ಒಂದು ನಿಮಿಷ ಕೇಳಿ. ಅಮ್ಮ ಮಲಗಿದ್ದ ಆರು ವರ್ಷ ಅವಳನ್ನ ತೊಳೆದು, ಬಳಿದು, ಬಟ್ಟೆ ಒಗೆದೋರು ನಮ್ಮತ್ತಿಗೆ ಜುಲ್ಮಿರಾ. ನಾನಲ್ಲ." ಜನ ತಲೆದೂಗಿದರು. ಯಾರೋ "ಹೌದಮ್ಮ" ಎಂದರು. ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದ ಜುಲ್ಮಿರಾ ಮುಂದುಡುಗೆಗೆ ಕೈ ಒರೆಸಿಕೊಂಡಳು. ಒತೀಲಿಯಾ ಅಲ್ಲಿಗೇ ಕೂರಬಹುದಿತ್ತು. ಕೂರಲಿಲ್ಲ. "ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಹೇಳದಿದ್ರೆ ನನ್ನ ಕಾಗದಕ್ಕೆ ಸಹಿ ಹಾಕಲ್ಲ ಅಂತ ಅತ್ತಿಗೆ ಹೇಳಿದ್ದಾರೆ. ಹೇಳಿದ್ದಾಯ್ತು. ಅತ್ತಿಗೆ, ಸಾಕಾ? ಇನ್ನೇನಾದ್ರೂ ಸೇರಿಸ್ಬೇಕಾ?"

ನ್ಯಾ ಶಾಂಡಾ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. "ಅಯ್ಯೋ, ಸೇವೆಗೂ ರಸೀದಿ ಕೇಳೋ ಕಾಲ ಬಂತಲ್ಲಪ್ಪ!"

ಇನ್ನಿಬ್ಬರು ನಕ್ಕರು. ಲೊರೆನ್ಸು ತಟ್ಟೆಯೊಳಗೆ ಏನನ್ನೋ ಹುಡುಕತೊಡಗಿದ. ಜುಲ್ಮಿರಾ ಪಾತ್ರೆ ಹಿಡಿದು ಮುಂದಿನ ಸಾಲಿಗೆ ಹೋದಳು. "ಇನ್ನೂ ಸ್ವಲ್ಪ ಹಾಕ್ಲಾ?" ಎಂದು ಪ್ರತಿಯೊಬ್ಬರನ್ನೂ ಕೇಳಿದಳು. ನ್ಯಾ ಶಾಂಡಾಳ ತಟ್ಟೆಗೂ ಹಾಕಿದಳು, ಬರೀ ಮೂಳೆ.

ಜನ ಹೋದ ಮೇಲೆ ಕೊಪ್ಪರಿಗೆ ಉಜ್ಜುತ್ತಿದ್ದವಳ ಬಳಿ ನೆಲಿದಾ ಬಂದಳು. "ಅಮ್ಮಾ, ಸಹಿ ಹಾಕ್ಬೇಡ. ಅತ್ತೆ ಮಾಡಿದ್ದು ತಪ್ಪು."

"ಹಾಕ್ತೀನಿ."

"ಅಷ್ಟು ಜನರ ಮುಂದೆ ಮಾನ ಕಳೆದ್ರೂ?"

"ಅದಕ್ಕೇ ಹಾಕ್ತೀನಿ. ಇನ್ನೂ ಒಂದು ವಾರ ಅವಳು ಈ ಮನೇಲಿದ್ರೆ ನಾನು ಈ ಕೊಪ್ಪರಿಗೇಲಿ ಅವಳನ್ನೇ ಬೇಯಿಸ್ತೀನಿ."

ನೋಟರಿ ಕಚೇರಿಯಲ್ಲಿ ಕಾಗದವನ್ನು ಗಟ್ಟಿಯಾಗಿ ಓದಿ ಹೇಳುವ ಪದ್ಧತಿ. ಕನ್ನಡಕದ ಗುಮಾಸ್ತ ಒಂದೊಂದೇ ಪದ ಬಿಡಿಸಿ ಓದಿದ: "...ಸದರಿ ರೋಗಿಯ ಸೊಸೆಯಾದ ನಾನು ಆ ಅವಧಿಯುದ್ದಕ್ಕೂ ತೀವ್ರ ಬೆನ್ನುನೋವಿನಿಂದ ಹಾಸಿಗೆ ಬಿಟ್ಟು ಏಳಲಾರದವಳಾಗಿದ್ದು, ಆಕೆಯನ್ನು ನೋಡಿಕೊಳ್ಳಲು ಮಗಳು ಒತೀಲಿಯಾಳನ್ನು ಬಿಟ್ಟು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ..." ಜುಲ್ಮಿರಾ ನಿಂತೇ ಕೇಳಿದಳು.

"ಕೂತ್ಕೊಳ್ಳಿ, ಬೆನ್ನುನೋವು ಅಂತೀರಿ," ಎಂದ ಗುಮಾಸ್ತ ಪಾಪ, ಕುರ್ಚಿ ತೋರಿಸುತ್ತ.

"ಪೆನ್ನು ಕೊಡಪ್ಪ," ಎಂದಳು ಜುಲ್ಮಿರಾ. ಒತ್ತಿ ಬರೆದ ರಭಸಕ್ಕೆ ಹೆಸರಿನ ಕೊನೆಯಲ್ಲಿ ಕಾಗದ ಹರಿಯಿತು.

ಅಕ್ಟೋಬರ್ ಶುರುವಿನಲ್ಲಿ ಒತೀಲಿಯಾ ಎರಡೂ ಸೂಟ್‌ಕೇಸ್ ಹಿಡಿದು ಹೊರಟಳು. ರಾಯಭಾರ ಕಚೇರಿ ಇರುವುದು ರಾಜಧಾನಿ ಪ್ರಾಯಾದಲ್ಲಿ. ಫುರ್ನಾ ಬಂದರಿನಿಂದ ಹಡಗಿನಲ್ಲಿ ಹೋಗಬೇಕು. ಕಾರ್ಡು ಸಿಕ್ಕರೆ ಅಲ್ಲಿಂದಲೇ ವಿಮಾನ. ಲೊರೆನ್ಸು ಸಾಮಾನನ್ನು ವ್ಯಾನಿಗೆ ಏರಿಸಿದ. ಒತೀಲಿಯಾ ಉಗ್ರಾಣದ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟಳು.

"ತಗೊಳ್ಳಿ. ಏಳು ವರ್ಷದಿಂದ ಇದರ ಮೇಲೇ ಕಣ್ಣು ನಿಮಗೆ."

"ಹೋಗೋ ಬಾಯಲ್ಲಾದ್ರೂ ಒಂದು ಒಳ್ಳೆ ಮಾತು ಆಡು."

"ನೀವು ಆಡಿ, ನೋಡೋಣ."

ಜುಲ್ಮಿರಾ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ವ್ಯಾನು ತಿರುವಿನಲ್ಲಿ ಮಂಜಿನೊಳಗೆ ಹೋಯಿತು.

ಜುಲ್ಮಿರಾ ಅಂದೇ ಮಹಡಿಯ ಕೋಣೆಯ ಕಿಟಕಿ ತೆರೆದು, ಹಾಸಿಗೆ ಬಿಸಿಲಿಗೆ ಹಾಕಿ, ನೆಲ ಸಾರಿಸಿ, ತನ್ನ ಹೊಲಿಗೆ ಮಿಷನ್ನನ್ನು ಗಂಡನ ಕೈಲಿ ಮೇಲಕ್ಕೆ ಹೊರಿಸಿದಳು. ಒತೀಲಿಯಾಳ ಕಡೆಯ ಒಲೆಯನ್ನು ಹಿತ್ತಲಿಗೆ ಹಾಕಿದಳು. ಎರಡು ವಾರ ಮನೆಯಲ್ಲಿ ಒಂದೇ ಕಚೂಪ ಬೆಂದಿತು. ಲೊರೆನ್ಸುವಿನ ಹೊಟ್ಟೆ ಸರಿಹೋಯಿತು. ಜುಲ್ಮಿರಾ ಮಾತ್ರ ಉಪ್ಪು ಹೆಚ್ಚಾಯಿತೆಂದು ಅವನ ಮೇಲೆ, ಬಾಗಿಲು ಬಡಿದಳೆಂದು ನೆಲಿದಾಳ ಮೇಲೆ, ಮೊಟ್ಟೆ ಇಡಲಿಲ್ಲವೆಂದು ಕೋಳಿಯ ಮೇಲೆ ರೇಗುತ್ತಿದ್ದಳು.

"ಈಗ ಮನೆಯೆಲ್ಲ ನಿಂದೇ ಅಲ್ವಾ, ಇನ್ನೇನು?" ಎಂದ ಲೊರೆನ್ಸು.

"ನನ್ನ ಮನೇಲಿ ನಾನು ಬೈಯೋಕೂ ನಿನ್ನ ಅಪ್ಪಣೆ ಬೇಕಾ?"

ಪ್ರಾಯಾದಿಂದ ಸುದ್ದಿಯೇ ಇರಲಿಲ್ಲ. ನೆಲಿದಾ ಫೋನ್ ಮಾಡಿದರೆ ಒತೀಲಿಯಾ ಎತ್ತುತ್ತಿರಲಿಲ್ಲ. ಇವೋನ್ "ಗೊತ್ತಿಲ್ಲ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು.

ಮೂರನೆಯ ವಾರ ಒಂದು ಮಧ್ಯಾಹ್ನ, ಲೊರೆನ್ಸು ಕೆಲಸಕ್ಕೂ ನೆಲಿದಾ ಶಿಶುವಿಹಾರಕ್ಕೂ ಹೋಗಿದ್ದಾಗ, ಹೊರಗೆ ವ್ಯಾನು ನಿಂತ ಸದ್ದಾಯಿತು. ಜುಲ್ಮಿರಾ ಒಲೆಯ ಮುಂದಿನಿಂದ ಕತ್ತು ಚಾಚಿ ನೋಡಿದಳು. ಎರಡು ಸೂಟ್‌ಕೇಸುಗಳ ಮಧ್ಯೆ ಒತೀಲಿಯಾ ನಿಂತಿದ್ದಳು. ಕೂದಲೆಲ್ಲ ಸಮುದ್ರದ ಉಪ್ಪಿಗೆ ಅಂಟಿಕೊಂಡಿತ್ತು. ಒಳಗೆ ಬಂದು, ಯಾರೂ ಕೂರೆನ್ನದಿದ್ದರೂ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು.

"ಸಿಕ್ತಾ?"

"ಇಲ್ಲ."

"ಇಲ್ಲ ಅಂದ್ರೆ? ನಾನು ಸಹಿ ಹಾಕಿದ್ನಲ್ಲ! ಹಾಸಿಗೆ ಬಿಟ್ಟು ಎದ್ದೇ ಇಲ್ಲ ಅಂತ ಬರ್ಕೊಟ್ನಲ್ಲ!"

"ಗಾಜಿನ ಹಿಂದೆ ಒಬ್ಬ ಹುಡುಗ ಕೂತಿದ್ದ. ನಮ್ಮ ನೆಲಿದಾಗಿಂತ ನಾಲ್ಕು ವರ್ಷ ದೊಡ್ಡೋನಿರ್ಬೇಕು. ಒಳ್ಳೆಯವನೇ. ಎಲ್ಲಾ ಕಾಗದ ಓದಿದ, ನಿಮ್ಮದನ್ನೂ ಓದಿದ. ಸರಿಯಾಗೇ ಇದೆ ಅಂದ. ಆಮೇಲೆ ನಾನೆಲ್ಲಿ ಕೆಲಸ ಮಾಡ್ತಿದ್ದೆ ಅಂತ ನೋಡ್ದ. 'ಓ, ನಿಮಗೆ ಈ ಕೆಲಸ ಗೊತ್ತು. ಹಾಗಾದ್ರೆ ತಾಯಿಯ ಸ್ನಾನ, ಹಾಸಿಗೇಲಿ ಹೊರಳಿಸೋದು, ಎಲ್ಲಾ ನೀವೊಬ್ಬರೇ ಮಾಡಿದ್ರಾ?' ಅಂತ ಕೇಳ್ದ. ಮಾತಿಗೆ ಕೇಳಿದ್ದು ಅಷ್ಟೆ."

"ಹೌದು ಅನ್ಬೇಕಿತ್ತು."

"ಅನ್ನೋಕೇ ಬಾಯಿ ತೆಗೆದೆ."

"ಮತ್ತೆ?"

ಒತೀಲಿಯಾ ಮೇಜಿನ ಮೇಲಿನ ಜೋಳದ ಕಾಳನ್ನು ಬೆರಳಿನಿಂದ ಆಚೆ ಈಚೆ ಉರುಳಿಸಿದಳು. "ಅಮ್ಮನ ಬೆನ್ನು ಕಣ್ಮುಂದೆ ಬಂತು. ಪೆಟ್ಟಿಗೇಲಿ ಇಡೋಕೆ ಮುಂಚೆ ನಾವಿಬ್ಬರೂ ತೊಳೆದ್ವಲ್ಲ, ಆವತ್ತು ನೋಡಿದ್ದು. ಆರು ವರ್ಷ ಮಲಗಿದ್ದ ಮೈ. ಒಂದು ಹುಣ್ಣಿರ್ಲಿಲ್ಲ. ಒಂದು ಕೆಂಪು ಗುರುತೂ ಇರ್ಲಿಲ್ಲ. ನಾನು ಅಲ್ಲಿ ಎಷ್ಟು ಬೆನ್ನು ನೋಡಿದೀನಿ ಗೊತ್ತಾ ಅತ್ತಿಗೆ? ದುಡ್ಡು ಸುರಿದು, ಮೂರು ಪಾಳಿ ಜನ ಇಟ್ಟ ಕಡೇನೂ, ಸ್ವಲ್ಪ ಮೈಮರೆತ್ರೆ ಒಳಗಿನ ಮೂಳೆ ಕಾಣುತ್ತೆ. ಆರು ವರ್ಷ ಹಾಗೆ ಇಡ್ಬೇಕು ಅಂದ್ರೆ ಏನು ಮಾಡಿರ್ಬೇಕು ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತು." ಕಾಳು ಕೆಳಗೆ ಬಿತ್ತು. "ಬೇರೆ ಯಾವ ಸುಳ್ಳಾದ್ರೂ ಹೇಳ್ತಿದ್ದೆ. ಮಲಗಿದೋರ ಮೈ ನೋಡ್ಕೊಳ್ಳೋದು ನನ್ನ ಕಸುಬು. ನಾನು ಮಾಡಿದೆ ಅನ್ನೋಕೆ ನಾಲಿಗೆ ಹೊರಳ್ಲಿಲ್ಲ. 'ಅತ್ತಿಗೆ ಮಾಡಿದ್ರು' ಅಂದೆ. ಅವನು ನಿಮ್ಮ ಕಾಗದ ನೋಡ್ದ, ನನ್ನ ನೋಡ್ದ. 'ಹಾಗಾದ್ರೆ ಮನೇಲಿ ಇನ್ನೊಬ್ಬರಿದ್ರು. ನೀವು ಇದ್ದಿದ್ದು ನಿಮ್ಮ ಇಷ್ಟ,' ಅಂದು ಎಲ್ಲಾ ವಾಪಸ್ ಕೊಟ್ಟ."

ಒಲೆಯ ಮೇಲೆ ಕಚೂಪ ಕೊತಕೊತ ಅನ್ನುತ್ತಿತ್ತು.

"ನಿಮಗೋಸ್ಕರ ಹೇಳ್ದೆ ಅಂತ ತಿಳ್ಕೋಬೇಡಿ," ಎಂದಳು ಒತೀಲಿಯಾ.

ಜುಲ್ಮಿರಾ ಕೈಯಲ್ಲಿದ್ದ ಸೌಟನ್ನು ಮೇಜಿಗೆ ಬಡಿದಳು. "ಆರು ವರ್ಷ ಬಾಯಿ ಬಿಡ್ಲಿಲ್ಲ ನೀನು! ಊರೆಲ್ಲ ಕೂತಿದ್ದಾಗ ಹೇಳೇ ಅಂದ್ರೆ ನನ್ನ ಮುಖಕ್ಕೆ ಮಸಿ ಬಳಿದೆ. ಈಗ ಯಾವನೋ ಗುರುತಿಲ್ಲದ ಹುಡುಗನ ಮುಂದೆ, ಬಾಯಿ ಮುಚ್ಕೋಬೇಕಾದ ಒಂದೇ ಒಂದು ಜಾಗದಲ್ಲಿ ಬಿಟ್ಟೆಯಲ್ಲೇ, ಮೂಳಿ! ನಾನು ಮಾಡ್ದೆ ಅಂತ ಬೊಗಳಿ ಹಾಳಾಗಿ ಹೋಗೋಕೇನಾಗಿತ್ತು ನಿನಗೆ? ಆ ಹುಡುಗಿ ಅಲ್ಲಿ ಒಂದು ಲೋಟ ನೀರಿಗೆ ಪರದಾಡ್ತಿದ್ದಾಳೆ!"

"ಗೊತ್ತು."

"ಗೊತ್ತಂತೆ! ಇನ್ನೆಷ್ಟು ದಿನ?"

"ಇವೋನ್ ಹೊಸದಾಗಿ ಅರ್ಜಿ ಹಾಕ್ತಾಳೆ. ಒಂದೂವರೆ ವರ್ಷ ಆಗುತ್ತಂತೆ."

"ಒಂದೂವರೆ ವರ್ಷ!" ಜುಲ್ಮಿರಾ ತಲೆಯ ಮೇಲೆ ಕೈ ಹೊತ್ತು ಎದುರಿನ ಕುರ್ಚಿಯಲ್ಲಿ ಕುಸಿದಳು. "ಅಷ್ಟರಲ್ಲಿ ಕೂಸು ನಡೀತಿರುತ್ತೆ."

"ಫೋನಲ್ಲಿ ನೋಡ್ತೀನಿ," ಎಂದಳು ಒತೀಲಿಯಾ. ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಅಲ್ಲಿ ಒಡೆಯಿತು. ಮೂಗನ್ನು ತೋಳಿಗೆ ಒರೆಸಿಕೊಂಡಳು. ಜುಲ್ಮಿರಾ ಎದ್ದು ಹೋಗಿ ಸಮಾಧಾನ ಮಾಡಲಿಲ್ಲ. ಪಾತ್ರೆ ಒರೆಸುವ ಬಟ್ಟೆಯನ್ನು ಅವಳ ಕಡೆಗೆ ಎಸೆದಳು.

ಒತೀಲಿಯಾ ಮುಖ ಒರೆಸಿಕೊಂಡು ಸುತ್ತ ನೋಡಿದಳು. "ನನ್ನ ಒಲೆ ಎಲ್ಲಿ?"

"ಹಿತ್ತಲಲ್ಲಿದೆ. ಕೋಳಿ ಕಾವು ಕೂತಿದೆ ಅದರ ಮೇಲೆ."

"ಮೇಲಿನ ಕೋಣೆ?"

"ನನ್ನ ಹೊಲಿಗೆ ಮಿಷನ್ ಇದೆ."

"ತೆಗೀರಿ ಅದನ್ನ."

"ತೆಗಿಯಲ್ಲ. ಮಿಷನ್ ಅಲ್ಲೇ ಇರುತ್ತೆ, ನಾನು ದಿನಾ ಬಂದು ಹೊಲೀತೀನಿ. ನೀನೂ ಅಲ್ಲೇ ಬಿದ್ದಿರು."

"ಆ ಗಡಗಡ ಸದ್ದಲ್ಲಿ ಮಲಗ್ಬೇಕಾ ನಾನು?"

"ಏಳು ವರ್ಷ ನಿನ್ನ ಗೊರಕೇಲಿ ನಾವು ಮಲಗಿಲ್ವಾ?"

ಆಗ ಹೊರಗೆ ಚಪ್ಪಲಿಯ ಸದ್ದಾಯಿತು. ನ್ಯಾ ಶಾಂಡಾ. ವ್ಯಾನು ನಿಂತದ್ದನ್ನು ನೋಡಿ ರಸ್ತೆ ದಾಟಿ ಬಂದಿದ್ದಳು. ಒತೀಲಿಯಾ ಬಾಗಿಲಿಗೆ ಹೋದಳು.

"ಅಯ್ಯೋ, ವಾಪಸ್ ಬಂದ್ಯಾ ಮಗಳೇ? ಸೂಟ್‌ಕೇಸೂ ವಾಪಸ್ ಬಂದಿವೆ!" ನ್ಯಾ ಶಾಂಡಾಳ ಕಣ್ಣು ಒತೀಲಿಯಾಳ ಭುಜದ ಮೇಲಿಂದ ಒಳಗೆಲ್ಲ ಓಡಾಡಿತು. "ಕಾರ್ಡು ಕೊಡ್ಲಿಲ್ವಾ? ಯಾಕಂತೆ? ಜುಲ್ಮಿರಾ ಬರ್ಕೊಟ್ಟ ಕಾಗದದಲ್ಲೇ ಏನೋ ಎಡವಟ್ಟಿರ್ಬೇಕು, ಅಲ್ವಾ? ನಾನು ಆವತ್ತೇ ಅಂದ್ಕೊಂಡೆ, ಆ ಹೆಂಗಸು ಸುಮ್ನೆ ಬಿಡೋಳಲ್ಲ ಅಂತ."

ಒತೀಲಿಯಾ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಜುಲ್ಮಿರಾಳ ದನಿ ಬಂತು.

"ಯಾರೇ ಅದು? ಶಾಂಡಾನಾ? ಮನೆಯವರು ಊಟಕ್ಕೆ ಕೂತಿದ್ದಾರೆ ಅಂತ ಹೇಳಿ ಬಾಗಿಲು ಹಾಕು!"

ಒತೀಲಿಯಾ ಬಾಗಿಲು ಹಾಕಿದಳು. ಒಲೆಯ ಮೇಲಿನ ಕಚೂಪ ಬೇಯಲು ಇನ್ನೂ ಎರಡು ಗಂಟೆ ಬೇಕಾಗಿತ್ತು.